ಬೆಲ್ಟ್ ಮೇಲೆ ಎಷ್ಟು ಮ್ಯಾಗಜೀನ್ ಇರಬೇಕು: ತಮ್ಮನ ಪಿಸ್ತೂಲ್ ಸ್ಪರ್ಧೆಯ ಬೆಲ್ಟ್ ಕೆಲಸದ ಪ್ರಗತಿ

ಜೂನ್

ತಮ್ಮನ ಪ್ರಾಕ್ಟಿಕಲ್ ಪಿಸ್ತೂಲ್ ಸ್ಪರ್ಧೆಗೆ ಒಂದು ಬೆಲ್ಟ್ ಮತ್ತು ಅದರ ಮೇಲೆ ಮ್ಯಾಗಜೀನುಗಳನ್ನು, ಎಂದರೆ ಗುಂಡು ತುಂಬಿ ಪಿಸ್ತೂಲಿನ ಹಿಡಿಕೆಗೆ ಕೂರಿಸುವ ಖೋಲುಗಳನ್ನು, ಇಟ್ಟುಕೊಳ್ಳುವ ಪೌಚುಗಳನ್ನು ಸಿದ್ಧಪಡಿಸುವ ಕೆಲಸವನ್ನು ಈ ತಿಂಗಳು ಕೈಗೆತ್ತಿಕೊಂಡಿದ್ದೇನೆ. ಅವನು ದಕ್ಷಿಣ ಆಫ್ರಿಕಾದಲ್ಲಿ ಕಾಯಂ ನಿವಾಸಿಯಾಗಿ ನೆಲೆಸಿದ್ದು, ಅಲ್ಲಿ ಐಪಿಎಸ್‌ಸಿ (ಅಂತರರಾಷ್ಟ್ರೀಯ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟ) ನಿಯಮಗಳಂತೆ ನಡೆಯುವ ಸ್ಪರ್ಧೆಗಳಲ್ಲಿ, ಹೆಚ್ಚು ಮಾರ್ಪಡಿಸದ ಪಿಸ್ತೂಲುಗಳಿಗೆಂದು ಇರುವ ಪ್ರೊಡಕ್ಷನ್ ವಿಭಾಗದಲ್ಲಿ ಸಿಝಡ್ ಶ್ಯಾಡೋ 2 ಪಿಸ್ತೂಲಿನೊಂದಿಗೆ ಭಾಗವಹಿಸುತ್ತಾನೆ. ಕಲಬುರಗಿಯಲ್ಲಿರುವ ನನ್ನ ಪಾಲಿಗೆ ಉಳಿದಿರುವುದು ಬಂದೂಕಿನ ಅಗತ್ಯವಿಲ್ಲದ ಕೆಲಸ ಮಾತ್ರ. ಅದರ ಗುಂಡಿನ ಅಳತೆಯಾದ 9 ಎಂ.ಎಂ. ನಮ್ಮ ದೇಶದಲ್ಲಿ ನಿಷೇಧಿತ ಬೋರ್ ಆಗಿರುವುದರಿಂದ ಆ ಪಿಸ್ತೂಲನ್ನಾಗಲಿ, ಅದರ ಗುಂಡುಗಳನ್ನಾಗಲಿ ಇಲ್ಲಿ ಇಟ್ಟುಕೊಳ್ಳುವ ಪ್ರಶ್ನೆಯೇ ಬರುವುದಿಲ್ಲ. ಆದ್ದರಿಂದ ಈ ಇಡೀ ಕೆಲಸ ಮರ, ಕಬ್ಬಿಣದ ಪಟ್ಟಿ, ಪಿವಿಸಿ ಪೈಪು ಮತ್ತು ಲೆಕ್ಕದ ಪುಸ್ತಕದ ಮೇಲೆಯೇ ನಡೆಯುತ್ತದೆ.

ಪೌಚುಗಳಿಗೆ ಪೈಪು ಕತ್ತರಿಸುವ ಮೊದಲೇ ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದಿದೆ: ಪಿಸ್ತೂಲಿನೊಳಗಿನದನ್ನು ಬಿಟ್ಟು ಎಷ್ಟು ಹೆಚ್ಚುವರಿ ಮ್ಯಾಗಜೀನ್ ಬೆಲ್ಟ್ ಮೇಲಿರಬೇಕು? ನಮ್ಮಲ್ಲಿ ಹೆಚ್ಚು ಪರಿಚಿತವಾದ ಒಲಿಂಪಿಕ್ ಮಾದರಿಯ ಶೂಟಿಂಗ್‌ನಲ್ಲಿ ಈ ಪ್ರಶ್ನೆ ಹುಟ್ಟುವುದೇ ಇಲ್ಲ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ವಿಜಯ್ ಕುಮಾರ್ ಬೆಳ್ಳಿ ಗೆದ್ದ 25 ಮೀಟರ್ ರ‍್ಯಾಪಿಡ್ ಫೈರ್‌ನಲ್ಲಿ ಐದೈದು ಗುಂಡುಗಳ ಸರಣಿ ಇರುತ್ತದೆ. ಸ್ಪರ್ಧಿ ನಿಂತ ಜಾಗದಿಂದ ಕದಲುವುದಿಲ್ಲ, ಮುಂದಿನ ಐದು ಗುಂಡುಗಳನ್ನು ಮೇಜಿನ ಮೇಲೆ ಸಾವಕಾಶವಾಗಿ ತುಂಬಿಕೊಳ್ಳುತ್ತಾನೆ. 1976ರಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ರೂಪುಗೊಂಡ ಐಪಿಎಸ್‌ಸಿ ಪದ್ಧತಿಯ ರೀತಿಯೇ ಬೇರೆ. ಇಲ್ಲಿ ಸ್ಪರ್ಧಿ ಓಡುತ್ತಾನೆ, ತಡಿಕೆಗಳ ಸಂದಿಯಿಂದ ಹೊಡೆಯುತ್ತಾನೆ, ಓಡುತ್ತಲೇ ಮ್ಯಾಗಜೀನ್ ಬದಲಾಯಿಸುತ್ತಾನೆ. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಿದಾಗ ಬರುವ ಹಿಟ್ ಫ್ಯಾಕ್ಟರ್ ಎಂಬ ಸಂಖ್ಯೆಯೇ ಅವನ ಸ್ಥಾನವನ್ನು ನಿರ್ಧರಿಸುತ್ತದೆ.

ಜುಲೈ

ಈ ತಿಂಗಳು ಸುತ್ತಿಗೆ, ಗರಗಸ ಮುಟ್ಟದೆ ಲೆಕ್ಕವನ್ನಷ್ಟೇ ಮಾಡಿದ್ದೇನೆ. ತಮ್ಮ ಕಳುಹಿಸಿದ ಸ್ಟೇಜ್, ಎಂದರೆ ಸ್ಪರ್ಧೆಯ ಒಂದೊಂದು ಸುತ್ತಿನ ಅಂಕಣದ, ನಕ್ಷೆಗಳನ್ನು ಎದುರಿಗಿಟ್ಟುಕೊಂಡು ಒಂದೊಂದರಲ್ಲಿಯೂ ಗುಂಡು ಎಲ್ಲಿ ಮುಗಿಯುತ್ತದೆ ಎಂಬುದನ್ನು ಗುರುತಿಸಿದೆ.

ನಿಯಮದಂತೆ ಸಣ್ಣ ಸ್ಟೇಜಿಗೆ ಹೆಚ್ಚೆಂದರೆ 12, ಮಧ್ಯಮಕ್ಕೆ 24, ದೊಡ್ಡದಕ್ಕೆ 32 ಗುಂಡುಗಳು ಬೇಕಾಗುತ್ತವೆ. ಪ್ರೊಡಕ್ಷನ್ ವಿಭಾಗದಲ್ಲಿ ಮ್ಯಾಗಜೀನಿನ ಸಾಮರ್ಥ್ಯ ಎಷ್ಟೇ ಇದ್ದರೂ ಆರಂಭದ ಸಂಕೇತದ ವೇಳೆಗೆ ಅದರಲ್ಲಿ 15ಕ್ಕಿಂತ ಹೆಚ್ಚು ಗುಂಡು ತುಂಬಿರುವಂತಿಲ್ಲ. ನಳಿಕೆಯ ಹಿಂತುದಿಯ ಚೇಂಬರಿನಲ್ಲಿ ಪ್ರತ್ಯೇಕವಾಗಿ ಇನ್ನೊಂದು ಇರಬಹುದು. ಹೀಗೆ ಆರಂಭಕ್ಕೆ 16 ಗುಂಡು ಕೈಯಲ್ಲಿದ್ದರೆ ಸಣ್ಣ ಸ್ಟೇಜಿಗೆ ಹೆಚ್ಚುವರಿ ಮ್ಯಾಗಜೀನೇ ಬೇಡ, ಮಧ್ಯಮಕ್ಕೆ ಒಂದು ಸಾಕು. ದೊಡ್ಡ ಸ್ಟೇಜಿನಲ್ಲಿ ಮಾತ್ರ ಲೆಕ್ಕ ಕೊಂಚದರಲ್ಲಿ ಕೈಕೊಡುತ್ತದೆ: 16ಕ್ಕೆ 15 ಸೇರಿಸಿದರೆ 31, ಬೇಕಾದದ್ದು 32. ಒಂದೂ ಗುಂಡು ಗುರಿ ತಪ್ಪದಿದ್ದರೂ ಆ ಒಂದೇ ಒಂದು ಗುಂಡಿಗಾಗಿ ಎರಡನೆಯ ಹೆಚ್ಚುವರಿ ಮ್ಯಾಗಜೀನ್ ಬೇಕೇ ಬೇಕು. ನಿಯಮ ರೂಪಿಸಿದವರು ಇದನ್ನು ಉದ್ದೇಶಪೂರ್ವಕವಾಗಿ ಹೀಗಿಟ್ಟರೋ ಇಲ್ಲವೋ, ವಿಭಾಗದ ಸ್ವಾರಸ್ಯವಂತೂ ಇಲ್ಲಿಯೇ ಇದೆ ಎಂಬುದು ನನ್ನ ಅನಿಸಿಕೆ.

ಆದರೆ ಒಟ್ಟು ಗುಂಡುಗಳನ್ನು 15ರಿಂದ ಭಾಗಿಸುವ ಈ ವಿಧಾನ ಕಾಗದದ ಮೇಲೆ ಎಷ್ಟು ಅಚ್ಚುಕಟ್ಟಾಗಿ ಕಾಣುತ್ತದೆಯೋ ಅಂಕಣದಲ್ಲಿ ಅಷ್ಟೇ ನಿರುಪಯುಕ್ತ. ಮ್ಯಾಗಜೀನ್ ಬದಲಾಯಿಸುವುದು ಗುಂಡು ಮುಗಿದಾಗಲ್ಲ, ಕಾಲು ಓಡುತ್ತಿರುವಾಗ. ಒಂದೇ ಜಾಗದಿಂದ 9ಕ್ಕಿಂತ ಹೆಚ್ಚು ಅಂಕದ ಹೊಡೆತಗಳನ್ನು ಬೇಡುವಂತೆ ಸ್ಟೇಜ್ ರೂಪಿಸಬಾರದೆಂಬ ನಿಯಮವಿರುವುದರಿಂದ 32 ಗುಂಡುಗಳ ಸ್ಟೇಜ್ ಕನಿಷ್ಠ ನಾಲ್ಕು ಜಾಗಗಳಲ್ಲಿ ಹಂಚಿಹೋಗುತ್ತದೆ. ಪ್ರತಿ ಜಾಗಕ್ಕೂ 8 ಗುಂಡು ಎಂದಿಟ್ಟುಕೊಂಡರೆ, ಎರಡನೆಯ ಜಾಗದ ಕೊನೆಯ ಹೊಡೆತಕ್ಕೆ ಸರಿಯಾಗಿ ಆರಂಭದ 16 ಗುಂಡುಗಳು ಮುಗಿಯುತ್ತವೆ. ಅಲ್ಲಿಯವರೆಗೆ ಒಂದೇ ಒಂದು ಗುಂಡು ಹೆಚ್ಚಿಗೆ ಖರ್ಚಾದರೂ ಪಿಸ್ತೂಲು ಖಾಲಿಯಾಗಿ ಅದರ ಮೇಲ್ಭಾಗದ ಸರಿಯುವ ಸ್ಲೈಡ್ ಹಿಂದಕ್ಕೆ ನಿಂತುಬಿಡುತ್ತದೆ, ಸ್ಪರ್ಧಿ ಗುರಿಯ ಎದುರಿಗೇ ನಿಂತು ರೀಲೋಡ್ ಮಾಡಬೇಕಾಗುತ್ತದೆ. ಹೀಗಾಗಿ ಅನುಭವಿಗಳು ಮೊದಲ ಜಾಗ ಬಿಟ್ಟು ಹೊರಟ ಕೂಡಲೇ, 7 ಗುಂಡು ಉಳಿದಿರುವ ಮ್ಯಾಗಜೀನನ್ನು ನೆಲಕ್ಕೆ ಬೀಳಿಸಿ ಹೊಸದನ್ನು ಹಾಕುತ್ತಾರೆ. ಚೇಂಬರಿನ ಒಂದು, ಹೊಸ ಮ್ಯಾಗಜೀನಿನ 15 ಸೇರಿ ಮತ್ತೆ 16. ಪ್ರತಿ ಜಾಗಕ್ಕೂ ಬೇಕಾದುದರ ಎರಡರಷ್ಟು ಗುಂಡಿನೊಂದಿಗೆ ತಲುಪುವುದು ದುಂದಲ್ಲ; ಹೇಗೂ ಓಡುತ್ತಿರುವ ಆ ಕ್ಷಣದಲ್ಲಿ ಕೈ ಮಾಡುವ ಕೆಲಸಕ್ಕೆ ಪ್ರತ್ಯೇಕ ಸಮಯ ತಗಲುವುದೇ ಇಲ್ಲ. ನಾಲ್ಕು ಜಾಗಗಳ ನಡುವೆ ಮೂರು ಓಟ, ಮೂರು ಓಟಕ್ಕೆ ಮೂರು ಮ್ಯಾಗಜೀನ್.

ನಾಲ್ಕನೆಯದು ವಿಘ್ನಕ್ಕೆಂದು. ಗುಂಡು ಒಳಗೆ ಸಿಕ್ಕಿಹಾಕಿಕೊಂಡಾಗ ಬಹಳ ಸಲ ಇರುವ ಮ್ಯಾಗಜೀನನ್ನು ಕಿತ್ತು ಬಿಸಾಡಿ, ಸ್ಲೈಡ್ ಎಳೆದು, ಹೊಸದನ್ನೇ ತುರುಕಬೇಕಾಗುತ್ತದೆ. ರೀಲೋಡ್ ಮಾಡುವಾಗ ಮ್ಯಾಗಜೀನ್ ಕೈಜಾರಿ ಬಿದ್ದರೆ ಅದಕ್ಕೆ ದಂಡವಿಲ್ಲ, ಆದರೆ ಬಗ್ಗಿ ಎತ್ತಿಕೊಳ್ಳುವುದು ಜಾಣತನವಲ್ಲ. ಬಗ್ಗಿ ತಿರುಗುವ ಭರದಲ್ಲಿ ನಳಿಕೆ 90 ಡಿಗ್ರಿಯ ಸುರಕ್ಷಾ ಕೋನವನ್ನು ದಾಟಿದರೆ ಇಡೀ ಸ್ಪರ್ಧೆಯಿಂದಲೇ ಅನರ್ಹತೆ. ಬೆಲ್ಟಿನಿಂದ ಮುಂದಿನದನ್ನು ಸೆಳೆದುಕೊಳ್ಳುವುದು ಬೇಗವೂ ಹೌದು, ಕ್ಷೇಮವೂ ಹೌದು.

ಹೆಚ್ಚು ಗುಂಡು ಜೊತೆಗಿದ್ದರೆ ಹೊಡೆಯುವವನು ಉದಾಸೀನನಾಗುತ್ತಾನೆ ಎಂಬ ವಾದವನ್ನೂ ಕೇಳಿದ್ದೇನೆ. ಅಂಕಗಳ ಲೆಕ್ಕ ಹಾಕಿದರೆ ಆ ವಾದ ನಿಲ್ಲುವುದಿಲ್ಲ. ಕಾಗದದ ಗುರಿಯ ಎ ವಲಯಕ್ಕೆ 5 ಅಂಕ. ಪ್ರೊಡಕ್ಷನ್‌ನಲ್ಲಿ ಸಿ ವಲಯಕ್ಕೆ 3, ಡಿ ವಲಯಕ್ಕೆ 1. ತಪ್ಪಿದ ಹೊಡೆತಕ್ಕೆ 10 ಅಂಕ ಕಡಿತ. 32 ಹೊಡೆತಗಳೂ ಎ ವಲಯಕ್ಕೆ ಬಿದ್ದು 20 ಸೆಕೆಂಡಿನಲ್ಲಿ ಮುಗಿದರೆ 160 ಅಂಕ, ಹಿಟ್ ಫ್ಯಾಕ್ಟರ್ 8. ಅದೇ ವೇಗದಲ್ಲಿ ಒಂದು ಹೊಡೆತ ತಪ್ಪಿದರೆ 5 ಹೋಗಿ, ಮೇಲೆ 10 ಕಡಿತವಾಗಿ 145 ಅಂಕ ಉಳಿಯುತ್ತದೆ, ಫ್ಯಾಕ್ಟರ್ 7.25. ತಪ್ಪನ್ನು ಅಲ್ಲೇ ಸರಿಪಡಿಸಲು 0.3 ಸೆಕೆಂಡಿನಲ್ಲಿ ಇನ್ನೊಂದು ಗುಂಡು ಹಾರಿಸಿದರೆ 160ನ್ನು 20.3ರಿಂದ ಭಾಗಿಸಬೇಕು, ಬರುವುದು 7.88. ಆ ಒಂದು ಗುಂಡಿಗಾಗಿ ನಿಂತಲ್ಲೇ ರೀಲೋಡ್ ಮಾಡಬೇಕಾಗಿ ಬಂದು ಒಟ್ಟು ಎರಡು ಸೆಕೆಂಡು ಹೆಚ್ಚಾದರೆ 7.27, ಎಂದರೆ ತಪ್ಪನ್ನು ಹಾಗೆಯೇ ಬಿಟ್ಟುಹೋದದ್ದಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲದಂತಾಗುತ್ತದೆ. ತಪ್ಪು ತಿದ್ದುವ ಗುಂಡು ಪಿಸ್ತೂಲಿನಲ್ಲಿಯೇ ಇದ್ದರೆ ಮಾತ್ರ ಲಾಭ, ಮತ್ತು ಅದು ಅಲ್ಲಿರಬೇಕಾದರೆ ಹಿಂದಿನ ಓಟದಲ್ಲಿ ಬದಲಾಯಿಸಲು ಬೆಲ್ಟ್ ಮೇಲೆ ಒಂದು ಮ್ಯಾಗಜೀನ್ ಇದ್ದಿರಬೇಕು.

ಗುಂಡು ಪೂರ್ತಿ ಮುಗಿದೇಹೋದರೆ ಆಗುವ ನಷ್ಟ ಇನ್ನೂ ದೊಡ್ಡದು. ತಲಾ ಎರಡು ಹೊಡೆತ ಬೇಡುವ ಕೊನೆಯ ಮೂರು ಕಾಗದದ ಗುರಿಗಳಿಗೆ ಗುಂಡೇ ಉಳಿಯಲಿಲ್ಲ ಎನ್ನಿ. ಪ್ರತಿ ಗುರಿಗೂ ಬರಬೇಕಾಗಿದ್ದ 10 ಅಂಕ ಹೋಯಿತು, ಎರಡು ತಪ್ಪಿದ ಹೊಡೆತಗಳಿಗೆ 20 ಕಡಿತ, ಗುರಿಯತ್ತ ಒಂದೂ ಗುಂಡು ಹಾರಿಸದಿದ್ದುದಕ್ಕೆ ಮತ್ತೆ 10 ದಂಡ. ಮೂರು ಗುರಿಗಳಿಂದ 120 ಅಂಕ ಕೊಚ್ಚಿಹೋಗಿ 160ರಲ್ಲಿ 40 ಮಾತ್ರ ಉಳಿಯುತ್ತದೆ. ಕಾಲು ಕಿಲೋ ತೂಕ ಉಳಿಸಲು ಹೋಗಿ ಇಷ್ಟನ್ನು ಕಳೆದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಬೇರೆ ವಿಭಾಗಗಳ ಸಂಖ್ಯೆ ಸಹಜವಾಗಿಯೇ ಬೇರೆ. ಓಪನ್ ವಿಭಾಗದ, ಹೆಚ್ಚು ಗುಂಡು ಹಿಡಿಯುವ 170 ಮಿಲಿಮೀಟರ್ ಉದ್ದದ ಮ್ಯಾಗಜೀನಿಗೆ ಎರಡು ಹೆಚ್ಚುವರಿ ಧಾರಾಳವಾದರೆ, ಮೇಜರ್ (ಹೆಚ್ಚು ಶಕ್ತಿಯ) ಗುಂಡಿನ ಕ್ಲಾಸಿಕ್ ವಿಭಾಗದಲ್ಲಿ ಮ್ಯಾಗಜೀನಿಗೆ 8ರ ಮಿತಿ ಇರುವುದರಿಂದ ಐದಾರು ಇಲ್ಲದೆ ದೊಡ್ಡ ಸ್ಟೇಜಿಗೆ ಇಳಿಯುವುದು ಕಷ್ಟ.

ಆಗಸ್ಟ್, ಸೆಪ್ಟೆಂಬರ್

ಪೌಚುಗಳನ್ನು ಅಚ್ಚೊತ್ತಲು ಮತ್ತು ಕೈಚಳಕ ಅಳೆಯಲು ನಕಲಿ ಮ್ಯಾಗಜೀನುಗಳು ಬೇಕಾದವು. ಬರಿಯ ಮರದವು ಹಗುರವಾಗಿ ಕೈಗೆ ಸುಳ್ಳು ಹೇಳುತ್ತವೆ. ತಮ್ಮ ಬಳಸುವ ಗುಂಡು ಒಂದೊಂದು ಸುಮಾರು 12 ಗ್ರಾಂ. ಹದಿನೈದಕ್ಕೆ 180 ಗ್ರಾಂ, ಅದರ ಮೇಲೆ ಉಕ್ಕಿನ ಖೋಲು ಮತ್ತು ಸ್ಪ್ರಿಂಗ್. ಕಪನೂರಿನ ವೆಲ್ಡಿಂಗ್ ಅಂಗಡಿಯೊಂದರಲ್ಲಿ 25 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯನ್ನು 110 ಮಿಲಿಮೀಟರ್ ಉದ್ದಕ್ಕೆ ಕತ್ತರಿಸಿಕೊಂಡು ಬಂದೆ. ಅಂಥ ತುಂಡು ಸುಮಾರು 260 ಗ್ರಾಂ ತೂಗುತ್ತದೆ. ಅದರ ಎರಡೂ ಬದಿಗೆ ತೆಳುವಾದ ಮರ ಅಂಟಿಸಿ ಉಜ್ಜಿದ ಮೇಲೆ ಆಕಾರವೂ ತೂಕವೂ ತಕ್ಕಮಟ್ಟಿಗೆ ಕೂಡಿಬಂದವು. ಪಿಸ್ತೂಲಿಗೆ ಬದಲಾಗಿ ಹಳದಿ ಬಣ್ಣ ಬಳಿದ ಮರದ ತುಂಡೊಂದಿದೆ, ಹಿಡಿಕೆಯಲ್ಲಿ ಮ್ಯಾಗಜೀನ್ ಕೂರುವಷ್ಟು ತೂತು ಮಾತ್ರ ಇದೆ. ದೂರದಿಂದ ನೋಡಿದವರಿಗೂ ಅದು ಆಯುಧದಂತೆ ಕಾಣಬಾರದು ಎಂಬ ಎಚ್ಚರ ಉದ್ದೇಶಪೂರ್ವಕವಾದದ್ದು.

ಮನೆಯ ನೆಲ ಶಹಾಬಾದ್ ಫರಸಿಯದು. ಕಬ್ಬಿಣ ತುಂಬಿದ ಈ ತುಂಡುಗಳು ಮೇಲಿಂದ ಬಿದ್ದರೆ ಒಂದೋ ಮರ ಸೀಳುತ್ತದೆ, ಇಲ್ಲವೇ ಕಲ್ಲಿನ ಅಂಚು ಚಕ್ಕೆ ಏಳುತ್ತದೆ. ಹಳೆಯ ಕೌದಿಯೊಂದನ್ನು ಮಡಿಸಿ ಹಾಸಿದ ಮೇಲೆ ಆ ತಾಪತ್ರಯ ತಪ್ಪಿತು, ಅವ್ವನ ಆಕ್ಷೇಪಣೆ ಮಾತ್ರ ತಪ್ಪಲಿಲ್ಲ.

ಪೌಚುಗಳಿಗೆ ಹೊಲದ ನೀರಿನ ಲೈನಿನಲ್ಲಿ ಉಳಿದಿದ್ದ 110 ಮಿಲಿಮೀಟರ್ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ, ಹೀಟ್ ಗನ್ನಿನಿಂದ ಮೆತ್ತಗಾಗಿಸಿ, ಹಲಗೆಗಳ ನಡುವೆ ಒತ್ತಿ ಹಾಳೆ ಮಾಡಿದೆ. ಮತ್ತೆ ಕಾಯಿಸಿ ನಕಲಿ ಮ್ಯಾಗಜೀನಿನ ಸುತ್ತ ಮಡಚಿದೆ. ಬಿಗುವನ್ನು ಹೊಂದಿಸಲು ಹಿಂಬದಿಯಲ್ಲಿ ರಬ್ಬರ್ ವಾಷರ್ ಸಮೇತ ಒಂದು ಸ್ಕ್ರೂ ಇದೆ. ಓಡುವಾಗ ಉದುರದಷ್ಟು ಬಿಗಿ, ಎಳೆದಾಗ ಬೆಲ್ಟನ್ನು ಮೇಲಕ್ಕೆ ಎತ್ತದಷ್ಟು ಸಡಿಲ ಎಂಬ ಹದ ಸಿಗಲು ತಾಳ್ಮೆ ಬೇಕಾಯಿತು. ಪಿವಿಸಿ ಸುಮಾರು 80 ಡಿಗ್ರಿಯ ಹೊತ್ತಿಗೇ ಮೆತ್ತಗಾಗುವುದರಿಂದ ನಮ್ಮೂರಿನ ಮೇ ತಿಂಗಳ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ಈ ಬೆಲ್ಟನ್ನು ಬಿಡುವುದು ಕ್ಷೇಮವಲ್ಲ.

ದೀಪಾವಳಿ

ಲೆಕ್ಕ ನಾಲ್ಕು ಎಂದಿದ್ದರೂ ನಾನು ಐದು ಪೌಚು ಮಾಡಿಟ್ಟಿದ್ದೆ. ಬೀಳಿಸಿದರೆ ಮಾತ್ರ ಅಂಕ ಸಿಗುವ ಉಕ್ಕಿನ ಪಾಪರ್ ಮತ್ತು ಪ್ಲೇಟುಗಳೇ ತುಂಬಿರುವ ಸ್ಟೇಜುಗಳಲ್ಲಿ ಗುಂಡಿನ ಖರ್ಚು ಅಂದಾಜಿಗೆ ಸಿಗುವುದಿಲ್ಲವೆಂಬುದು ಅದಕ್ಕೆ ಕಾರಣ. ಹಬ್ಬಕ್ಕೆ ಬಂದ ತಮ್ಮ ಬೆಲ್ಟ್ ತೊಟ್ಟು ನೋಡಿದ ಮೇಲೆ ಪ್ರಶ್ನೆ ಎಣಿಕೆಯಿಂದ ಜಾಗಕ್ಕೆ ತಿರುಗಿತು.

ಪ್ರೊಡಕ್ಷನ್ ವಿಭಾಗದಲ್ಲಿ ಹೋಲ್‌ಸ್ಟರ್ (ಪಿಸ್ತೂಲಿನ ಒರೆ) ಆಗಲಿ ಪೌಚುಗಳಾಗಲಿ ಸೊಂಟದ ಮೂಳೆಯ ಮುಂಭಾಗಕ್ಕಿಂತ ಹಿಂದೆಯೇ ಇರಬೇಕು. ಬಲಗೈಯವನಿಗೆ ಮ್ಯಾಗಜೀನುಗಳು ಎಡಗಡೆ, ಗುಂಡಿನ ಮೂತಿ ಮುಂದಕ್ಕೆ. ತೋರುಬೆರಳು ಮುಂಭಾಗದ ಗುಂಟ ಚಾಚಿಕೊಂಡು ಹಿಡಿಕೆಯ ತೂತಿಗೆ ದಾರಿ ತೋರಿಸುತ್ತದೆ. ನನ್ನ ಪೌಚುಗಳು ಒಂದೊಂದು ನಾಲ್ಕು ಸೆಂಟಿಮೀಟರ್ ಜಾಗ ಹಿಡಿಯುತ್ತವೆ, ಎಂದರೆ ಐದಕ್ಕೆ ಇಪ್ಪತ್ತು. ಸೊಂಟದ ಸುತ್ತಳತೆ 86 ಸೆಂಟಿಮೀಟರ್ ಇರುವ ಅವನ ಮೈಮೇಲೆ ಐದನೆಯದು ಬೆನ್ನುಹುರಿಯ ಹತ್ತಿರಕ್ಕೆ ಹೋಗಿ ಕೂತಿತು. ಮೊದಲ ಮೂರಕ್ಕೆ ಕೈ ಒಂದೇ ಹದದಲ್ಲಿ ಹೋಗಿ ಬರುತ್ತಿತ್ತು. ನಾಲ್ಕನೆಯದಕ್ಕೆ ಮೊಣಕೈ ತುಸು ಹಿಂದಕ್ಕೆ ಹೋಗಬೇಕಾಯಿತು. ಐದನೆಯದಕ್ಕೆ ಭುಜವೇ ತಿರುಗಿ, ಫೋನಿನ ಟೈಮರಿನಲ್ಲಿ ಸುಮಾರು ಅರ್ಧ ಸೆಕೆಂಡು ಹೆಚ್ಚು ತೋರಿಸಿತು. “ಐದನೇದಕ್ಕ ಕೈನೇ ಮುಟ್ಟಂಗಿಲ್ಲ ನೋಡಣ್ಣ, ಸುಮ್ನ ಭಾರ,” ಎಂದು ಅವನು ಬಿಚ್ಚಿಕೊಟ್ಟ.

ಹಾಗಾದರೆ ಹೆಚ್ಚಿನ ರಕ್ಷಣೆ ಎಲ್ಲಿಂದ ಬರಬೇಕು ಎಂಬುದಕ್ಕೆ ಉತ್ತರ ಅವನ ಹಿಂದಿನ ಜೇಬಿನಲ್ಲಿಯೇ ಇತ್ತು. ಆರಂಭಕ್ಕೆ ಮೊದಲು ಚೇಂಬರಿಗೆ ಒಂದು ಗುಂಡು ಸೇರಿಸಲು ಸ್ಪರ್ಧಿಗಳು ಪ್ರತ್ಯೇಕವಾಗಿ ಒಂದು ಮ್ಯಾಗಜೀನ್ ಇಟ್ಟುಕೊಂಡಿರುತ್ತಾರೆ. ಅದನ್ನು ಹಾಕಿ, ಸ್ಲೈಡ್ ಎಳೆದು, ಹೊರತೆಗೆದು ಜೇಬಿಗೆ ಸೇರಿಸಿ, 15 ತುಂಬಿದ ಇನ್ನೊಂದನ್ನು ಕೂರಿಸುತ್ತಾರೆ. ತಮ್ಮ ಅದರಲ್ಲಿ ಒಂದೇ ಗುಂಡು ಇಡುವ ರೂಢಿಯವನು, ಹಾಗಾಗಿ ಆಟ ಮುಗಿಯುವವರೆಗೆ ಅವನ ಜೇಬಿನಲ್ಲಿರುವುದು ಖಾಲಿ ಖೋಲು. ಅದನ್ನೇ 15 ತುಂಬಿಸಿ ಬಳಸಿದರೆ ಚೇಂಬರಿಗೆ ಹೋದ ಒಂದನ್ನು ಕಳೆದು 14 ಗುಂಡು ಜೇಬಿನಲ್ಲಿ ಉಳಿಯುತ್ತವೆ. ಹಿಂದಿನ ಜೇಬು ಸೊಂಟದ ಮೂಳೆಯ ಹಿಂದೆಯೇ ಇರುವುದರಿಂದ, ಸ್ಟೇಜಿನ ಲಿಖಿತ ಸೂಚನೆ ಬೇರೆ ಹೇಳದ ಹೊರತು, ಅಲ್ಲಿಂದ ತೆಗೆದು ಬಳಸಲು ನಿಯಮದ ಅಡ್ಡಿಯಿಲ್ಲ. ಜೇಬಿನಿಂದ ತೆಗೆಯುವುದು ನಿಧಾನ ನಿಜ, ಆದರೆ ಅದರ ಸರದಿ ಬರುವ ಹೊತ್ತಿಗೆ ಪ್ರಶ್ನೆ ಅರ್ಧ ಸೆಕೆಂಡಿನದಾಗಿರುವುದಿಲ್ಲ, ಆ ಮೂರು ಗುರಿಗಳ 120 ಅಂಕದ್ದಾಗಿರುತ್ತದೆ. ಅವನು ಇದಕ್ಕೆ ಒಪ್ಪಿದ್ದಾನೆ.

ಹೀಗೆ ಬೆಲ್ಟಿಗೆ ನಾಲ್ಕು, ಪಿಸ್ತೂಲಿಗೆ ಒಂದು, ಜೇಬಿಗೆ ಒಂದು, ಒಟ್ಟು ಆರು ಎಂದು ನಿಗದಿಯಾಗಿದೆ. ಬೆಲ್ಟಿನ ನಾಲ್ಕರ ತೂಕ ಗುಂಡು ಸಮೇತ ಒಂದು ಕಿಲೋದ ಆಸುಪಾಸು; 1,330 ಗ್ರಾಂ ತೂಗುವ ಪಿಸ್ತೂಲು ಇನ್ನೊಂದು ಬದಿಗಿರುವುದರಿಂದ ಬೆಲ್ಟ್ ಒಂದೇ ಕಡೆ ಜಗ್ಗುವುದಿಲ್ಲ. ಸಣ್ಣ ಸ್ಟೇಜಿಗೆಂದು ಎರಡನ್ನು ತೆಗೆದಿಡಬೇಕೇ ಎಂದು ತಮ್ಮ ಕೇಳಿದ್ದಕ್ಕೆ ನಾನು ಬೇಡವೆಂದೆ. ಕೈಗೆ ಪ್ರತಿ ಸಲವೂ ಮೊದಲ ಮ್ಯಾಗಜೀನ್ ಅದೇ ಜಾಗದಲ್ಲಿ ಸಿಗುವುದು ತೂಕಕ್ಕಿಂತ ಮುಖ್ಯ.

ಮ್ಯಾಗಜೀನುಗಳನ್ನೆಲ್ಲ ಮೇಜಿನ ಮೇಲಿಟ್ಟು ಆರಂಭಿಸಬೇಕಾದ ಸ್ಟೇಜುಗಳ ಅಭ್ಯಾಸ ಇನ್ನೂ ಬಾಕಿ ಇದೆ. ಅಲ್ಲಿ ಬೆಲ್ಟ್ ಖಾಲಿ ಇರುತ್ತದೆ, ಎಷ್ಟನ್ನು ಎತ್ತಿ ಪೌಚಿಗೆ ಸೇರಿಸುತ್ತಾ ಕೂರುವುದು ಲಾಭ ಎಂಬುದಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಮರದ ಮೇಜು, ನಕಲಿ ಮ್ಯಾಗಜೀನು ಇಲ್ಲಿಯೇ ಇವೆ. ಡಿಸೆಂಬರಿನಲ್ಲಿ ಅದನ್ನು ಅಳೆದು, ಬಿಡುವಾದರೆ ನಾಲ್ಕನೆಯ ಪೌಚನ್ನು ಹತ್ತು ಡಿಗ್ರಿ ಮುಂದಕ್ಕೆ ವಾಲಿಸುವ ಹೊಸ ಬೆಣೆಯನ್ನೂ ಕೆತ್ತಬೇಕೆಂದಿದ್ದೇನೆ.