ಗೊಂತಿನ ಪಕ್ಕದ ಮಂಚ

"ಇದು ಕೊಟ್ಟಿಗೆ ಮಾರಾಯ್ತಿ."

ಒಳಗೆ ಕಾಲಿಟ್ಟು ಎರಡು ನಿಮಿಷವೂ ಆಗಿರಲಿಲ್ಲ. ನಾನಿನ್ನೂ ಬ್ಯಾಗ್ ಇಳಿಸುತ್ತಿದ್ದೆ, ಅಪ್ಪ ಆಗಲೇ ಗೋಡೆ ಸವರಿ ನೋಡುತ್ತಿದ್ದರು. ಮಂಚದ ತಲೆದೆಸೆಯಲ್ಲಿ, ಸೊಂಟದೆತ್ತರಕ್ಕೆ, ಗೋಡೆಯುದ್ದಕ್ಕೂ ಒಂದು ಕಲ್ಲಿನ ತೊಟ್ಟಿ. ಅದರಲ್ಲಿ ಈಗ ಪುಸ್ತಕ, ಟೇಬಲ್ ಲ್ಯಾಂಪ್, ಒಣಗಿದ ಹೂವಿನ ಗೊಂಚಲು. ನಾನು ಅದನ್ನು ಚೆಂದದ ಶೆಲ್ಫ್ ಅಂದುಕೊಂಡಿದ್ದೆ. ಅಪ್ಪ ಮಾತ್ರ ತೊಟ್ಟಿಯ ಅಂಚಿನ ಮೇಲೆ ಕೈಯಾಡಿಸಿ, ಮೇಲೆ ಗೋಡೆಯಲ್ಲಿ ಉಳಿದಿದ್ದ ಕಬ್ಬಿಣದ ಬಳೆ ತೋರಿಸಿದರು. "ಇದು ಗೊಂತು. ಇಲ್ಲಿ ಹಗ್ಗ ಕಟ್ತಿದ್ರು. ಈ ಅಂಚು ನೋಡು, ದನದ ಕುತ್ತಿಗೆ ತಿಕ್ಕಿ ತಿಕ್ಕಿ ಸವೆದಿದೆ."

ನಾನೂ ಮುಟ್ಟಿದೆ. ಉಳಿದ ಕಲ್ಲೆಲ್ಲ ಒರಟು. ಬಳೆಯ ಎದುರಿಗೆ ಒಂದು ಮೊಳದಷ್ಟು ಜಾಗ ಮಾತ್ರ ನಮ್ಮೂರಿನ ಒರಳಿನ ಹಾಗೆ ನುಣುಪು, ಒಂದಿಷ್ಟು ಒಳಗೆ ಬಾಗಿತ್ತು.

ಹೋದ ವರ್ಷ ಅಕ್ಟೋಬರ್ ಕೊನೆಯ ವಾರದ ಮಾತು. ನನ್ನ ತಮ್ಮ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಅಮ್ಮ ಹೋದ ಮೇಲೆ ಅಪ್ಪ ಸಾಗರ ಬಿಟ್ಟು ಎಲ್ಲಿಗೂ ಹೊರಟವರಲ್ಲ. ಈ ಸಲ ಹೇಗೋ ಒಪ್ಪಿಸಿ ಕರೆದುಕೊಂಡು ಹೋಗಿದ್ದೆ. ತಮ್ಮನ ಕಾರಿನಲ್ಲಿ ಆಲ್ಪ್ಸ್ ಪರ್ವತದ ಬ್ರೆನ್ನರ್ ಘಾಟಿ ದಾಟಿ ಇಟಲಿಗೆ ಇಳಿದು, ಟಸ್ಕನಿಯ ವಾಲ್ ದೋರ್ಚಾ ಕಣಿವೆಗೆ ಬಂದಿದ್ದೆವು. ಪಿಯೆಂಜಾ ಊರಿನಿಂದ ಸ್ವಲ್ಪ ದೂರ, ಮಣ್ಣು ರಸ್ತೆಯ ಕೊನೆಗೆ ಒಂದು ತೋಟದ ಮನೆ. ಅದರ ಕೆಳಗಿನ ಅಂತಸ್ತಿನಲ್ಲಿ ಎರಡು ಕೋಣೆ ಮತ್ತು ಒಂದು ಅಡುಗೆಮನೆ ಆರು ರಾತ್ರಿಗೆ ನಮ್ಮದು.

ಹೋಟೆಲ್ ಬೇಡ ಅಂದಿದ್ದು ನಾನೇ. ಅಪ್ಪನಿಗೆ ಬೆಳಿಗ್ಗೆ ಐದಕ್ಕೆ ಎದ್ದು ಓಡಾಡಲು ನೆಲ ಬೇಕು, ಮಧ್ಯಾಹ್ನ ಅನ್ನ ಬೇಕು. ಇಟಲಿಯಲ್ಲಿ ಇಂಥ ಮನೆಗಳಿಗೆ ಅಗ್ರಿತುರಿಸ್ಮೊ ಅನ್ನುತ್ತಾರೆ. ಈ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳುವ ಹಾಗಿಲ್ಲ. 1985ರಲ್ಲೇ ಇದಕ್ಕೊಂದು ಕಾನೂನು ಬಂತು, 2006ರಲ್ಲಿ ಅದರ ಜಾಗಕ್ಕೆ ಹೊಸದು. ಮನೆ ಬಾಡಿಗೆಗೆ ಕೊಡುವವರು ನಿಜವಾದ ರೈತರಾಗಿರಬೇಕು, ಬೇಸಾಯವೇ ಮುಖ್ಯ ಕಸುಬಾಗಿರಬೇಕು, ಅತಿಥಿಗಳಿಂದ ಬರುವುದು ಅದರ ಜೊತೆಗಿನ ಸಂಪಾದನೆ ಮಾತ್ರ. ದೇಶದಲ್ಲಿ ಇಂಥವು 25 ಸಾವಿರಕ್ಕೂ ಜಾಸ್ತಿ ಇವೆ. ಈಜುಕೊಳದ ಫೋಟೊ ನೋಡಿ ಆರಿಸಬೇಡಿ ಅಂತ ನಾನು ಹೋಗುವವರಿಗೆಲ್ಲ ಹೇಳುತ್ತೇನೆ. ಅಲ್ಲಿ ಏನು ಬೆಳೆಯುತ್ತಾರೆ, ನಾವು ಹೋಗುವ ಹೊತ್ತಿಗೆ ಯಾವ ಕೆಲಸ ನಡೆದಿರುತ್ತದೆ ಅಂತ ಮೊದಲು ಕೇಳಿ.

ಬಂದ ದಿನ ತೋಟದ ಮನೆಯವರ ಸೊಸೆ ನಮ್ಮ ಪಾಸ್‌ಪೋರ್ಟ್‌ಗಳ ಫೋಟೊ ತೆಗೆದುಕೊಂಡರು. ಮನೆಯಲ್ಲಿ ಇಂಗ್ಲಿಷ್ ಬರುವುದು ಅವರೊಬ್ಬರಿಗೇ. ಯಾರು ಬಂದು ಉಳಿದರೂ 24 ಗಂಟೆಯೊಳಗೆ ಪೊಲೀಸರಿಗೆ ವಿವರ ಕಳಿಸಬೇಕಂತೆ. ತಲೆಗಿಷ್ಟು, ರಾತ್ರಿಗಿಷ್ಟು ಅಂತ ಊರಿನ ಪ್ರವಾಸಿ ತೆರಿಗೆ ಬೇರೆ ಕೊಟ್ಟೆವು. ಬೆಚ್ಚಗಿಡುವ ಹೀಟರಿನ ಖರ್ಚು ಬಾಡಿಗೆಯಲ್ಲಿ ಸೇರಿರಲಿಲ್ಲ, ಮೀಟರ್ ನೋಡಿ ಕೊನೆಗೆ ಲೆಕ್ಕ. ಎರಡಡಿ ದಪ್ಪದ ಕಲ್ಲುಗೋಡೆ, ಅಕ್ಟೋಬರ್ ಚಳಿ. ಇದನ್ನು ಮುಂಚೆಯೇ ಕೇಳಿಕೊಂಡಿದ್ದು ಒಳ್ಳೆಯದಾಯ್ತು.

ಆ ರಾತ್ರಿ ಅನ್ನಕ್ಕೆ ಕುಕ್ಕರ್ ಇಟ್ಟೆ, ಓವನ್ ಹಚ್ಚಿದೆ. ತಮ್ಮ ಬಟ್ಟೆ ತೊಳೆಯುವ ಮೆಷಿನ್ ಹಾಕಿದ. ಟಪ್ ಅಂತ ಪೂರ್ತಿ ಕತ್ತಲೆ. ಟಾರ್ಚ್ ಹಿಡಿದು ಸೊಸೆ ಬಂದರು. ಅಲ್ಲಿನ ಮನೆಗಳಿಗೆ ಸಾಮಾನ್ಯವಾಗಿ 3 ಕಿಲೋವ್ಯಾಟ್ ಸಂಪರ್ಕ ಇರುತ್ತದೆ, ಮೂರನ್ನೂ ಒಟ್ಟಿಗೆ ಹಾಕಿದರೆ ತಡೆಯುವುದಿಲ್ಲ. ಸ್ವಿಚ್ ಮೇಲೆತ್ತಿ, ಅಪ್ಪನಿಗೆ ಶುಭರಾತ್ರಿ ಹೇಳಿ ಹೋದರು. ಅನ್ನ, ತಿಳಿಸಾರು ಆಗುವಷ್ಟರಲ್ಲಿ ಒಂಬತ್ತೂವರೆ.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಇಲ್ಲ. ಹೊರಗೆ ಕಣಿವೆ ತುಂಬ ಮಂಜು. ಸೈಪ್ರೆಸ್ ಮರಗಳ ತುದಿ ಮಾತ್ರ ಕಾಣುತ್ತಿತ್ತು. ಹುಡುಕಿಕೊಂಡು ಹೋದೆ. ಆಲಿವ್ ತೋಟದಲ್ಲಿ ಮನೆಯ ಯಜಮಾನ ಅಜ್ಜನ ಜೊತೆ ಅಪ್ಪ ನಿಂತಿದ್ದರು. ಅಜ್ಜನಿಗೆ ಎಂಬತ್ತು ದಾಟಿದೆ. ಒಬ್ಬರದು ಇಟಾಲಿಯನ್, ಒಬ್ಬರದು ಕನ್ನಡ. ಇಬ್ಬರೂ ಬಗ್ಗಿ ಒಂದು ಮರದ ಬುಡ ನೋಡುತ್ತಿದ್ದರು.

ಅಲ್ಲಿನ ಎಷ್ಟೋ ಮರಗಳಿಗೆ ಒಂದೇ ಕಾಂಡವಿಲ್ಲ. ಒಂದು ಬುಡದಿಂದ ಮೂರು, ನಾಲ್ಕು ಕಾಂಡ ಎದ್ದಿವೆ. ನಡುವೆ ಹಳೆಯ ಬೊಡ್ಡೆ ಬೂದು ಬಣ್ಣಕ್ಕೆ ತಿರುಗಿ ನಿಂತಿದೆ. ಅಪ್ಪ ಕೇಳಬೇಕೆಂದಿದ್ದು ಅದನ್ನೇ. ಸೊಸೆ ಬಂದು ಬಿಡಿಸಿ ಹೇಳಿದರು. 1985ರ ಜನವರಿಯಲ್ಲಿ ಟಸ್ಕನಿಯಲ್ಲಿ ಭಯಂಕರ ಚಳಿ ಬಿತ್ತು, ಕೆಲವು ಕಡೆ ಸೊನ್ನೆಗಿಂತ 20 ಡಿಗ್ರಿ ಕೆಳಕ್ಕೂ ಹೋಯಿತು. ಆಲಿವ್ ಮರಗಳ ತೊಗಟೆ ಸೀಳಿತು, ಲಕ್ಷಗಟ್ಟಲೆ ಮರ ಸತ್ತವು. ಬೇರು ಬದುಕಿದ್ದ ಕಡೆ ಬುಡದ ಮಟ್ಟಕ್ಕೆ ಕಡಿದರು. ಅಲ್ಲಿಂದ ಚಿಗುರಿದ್ದೇ ಈಗಿನ ಕಾಂಡಗಳು. ಮರ ಕಡಿಯುವ ಗರಗಸದ ಸದ್ದು ಆ ವರ್ಷವೆಲ್ಲ ಕಣಿವೆಯಲ್ಲಿ ಕೇಳುತ್ತಿತ್ತಂತೆ. ಅಜ್ಜ ಹೇಳುತ್ತಾ ಹೇಳುತ್ತಾ ಸುಮ್ಮನಾದರು. ಕೊಳೆರೋಗಕ್ಕೆ ಅಡಿಕೆ ಉದುರಿದ ವರ್ಷ ಅಪ್ಪನೂ ಹೀಗೇ ಅಂಗಳದಲ್ಲಿ ಕೂತಿರುತ್ತಿದ್ದರು.

ಆವತ್ತು ಕೊಯ್ಲು ಶುರು. ಮರದ ಕೆಳಗೆ ಹಸಿರು ಬಲೆ ಹಾಸಿ, ಬಾಚಣಿಗೆಯಂಥ ಸಣ್ಣ ಹಲ್ಲುಕೋಲಿನಿಂದ ಕೊಂಬೆ ಬಾಚುತ್ತಾರೆ. ಕಾಯಿ ಬಲೆಯ ಮೇಲೆ ಪಟಪಟ ಬೀಳುತ್ತವೆ. ಅರ್ಧ ಹಸಿರು, ಅರ್ಧ ನೇರಳೆ. ಅತಿಥಿಗಳು ಕೆಲಸ ಮಾಡಬೇಕಿಲ್ಲ. ಅಪ್ಪನಿಗೆ ಹೇಳುವವರು ಯಾರು? ಊರಲ್ಲಿ ಅಡಿಕೆಯ ಕೊನೆಕೊಯ್ಲು ಹತ್ತಿರ ಬಂತು, ತಾನು ಇಲ್ಲಿ ಕೂತಿದ್ದೇನೆ ಅನ್ನುವ ಚಡಪಡಿಕೆ ಬೇರೆ. ತೋಳು ಮಡಚಿ ನಿಂತೇಬಿಟ್ಟರು. ಹತ್ತು ನಿಮಿಷದಲ್ಲಿ ಕೈ ಹೊಂದಿಕೊಂಡಿತು. ಎಲೆ ಕೀಳದೆ ಕಾಯಿ ಮಾತ್ರ ಇಳಿಸುವುದನ್ನು ನೋಡಿ ಅಜ್ಜ "ಬ್ರಾವೊ" ಅಂದರು.

ನನಗೆ ಖುಷಿಯಾಗಿದ್ದು ಇನ್ನೊಂದು ಮಾತಿಗೆ. ಕ್ರೇಟ್‌ಗಳನ್ನು ತೋರಿಸಿ ಅಜ್ಜ "ಕ್ವಿಂತಾಲೆ" ಅಂದರು. ಅಪ್ಪ ಥಟ್ಟನೆ ನನ್ನ ಕಡೆ ತಿರುಗಿದರು: "ಕ್ವಿಂಟಲ್ ಅಂತಾರೆ ಕಣೇ!" ಅಲ್ಲೂ ನೂರು ಕಿಲೋಗೆ ಅದೇ ಲೆಕ್ಕ. ಕ್ವಿಂಟಲ್ ಕಾಯಿಗೆ ಹನ್ನೆರಡರಿಂದ ಹದಿನೈದು ಕಿಲೋ ಎಣ್ಣೆ ಬಂದರೆ ಪರವಾಗಿಲ್ಲ. ಅಪ್ಪ ಕ್ವಿಂಟಲ್ ಹಸಿ ಅಡಿಕೆಗೆ ಎಷ್ಟು ಒಣ ಅಡಿಕೆ ಸಿಗುತ್ತದೆ ಅಂತ ಬೆರಳಲ್ಲಿ ತೋರಿಸಿದರು. ಸೊಸೆಗೆ ಅಡಿಕೆ ಅಂದರೇನು ಅಂತ ಹೇಳಿ ಮುಗಿಸಲು ನನಗೆ ಅರ್ಧ ಗಂಟೆ ಹಿಡಿಯಿತು.

ಸಂಜೆ ಮೇಲಿನ ಮನೆಗೆ ಊಟಕ್ಕೆ ಕರೆದರು. ಹೊರಗಿನ ಕಲ್ಲು ಮೆಟ್ಟಿಲು ಹತ್ತಿ ಹೋಗಬೇಕು. ಕೆಳಗೆ ದನ, ಮೇಲೆ ಜನ. ಅಲ್ಲಿನ ಹಳೆಯ ತೋಟದ ಮನೆಗಳೆಲ್ಲ ಹೀಗೇ. ಚಳಿಗಾಲದಲ್ಲಿ ದನದ ಮೈಬಿಸಿ ಮೇಲಿನ ಹಲಗೆಯ ನೆಲಕ್ಕೆ ಏರುತ್ತಿತ್ತು. ಊಟಕ್ಕೆ ಪಿಚಿ ಮಾಡಿದ್ದರು. ಗೋಧಿ ಹಿಟ್ಟನ್ನು ಒಂದೊಂದೇ ಎಳೆಯಾಗಿ ಕೈಯಲ್ಲೇ ಹೊಸೆದ ದಪ್ಪ ಶಾವಿಗೆ. ಮೇಲೆ ಎಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿ. ಟಸ್ಕನಿಯ ಬ್ರೆಡ್‌ಗೆ ಉಪ್ಪೇ ಹಾಕುವುದಿಲ್ಲ. ಅಪ್ಪ ಉಪ್ಪಿನಕಾಯಿ ಬಾಟಲಿ ಹಿಡಿದುಕೊಂಡೇ ಬಂದಿದ್ದರು. ಅಜ್ಜನೂ ನಂಚಿಕೊಂಡರು.

ಗೋಡೆಯ ಮೇಲೊಂದು ಕಪ್ಪು ಬಿಳುಪು ಫೋಟೊ. ಜೋಡಿ ಬಿಳಿ ಎತ್ತು, ಪಕ್ಕದಲ್ಲಿ ಅಜ್ಜನ ಅಪ್ಪ. ಎತ್ತಿನ ಹೆಗಲು ಮನುಷ್ಯನ ತಲೆಗೆ ಸಮ. ಕಿಯಾನಿನಾ ಅನ್ನುವ ತಳಿ, ಹೋರಿ ಹತ್ತಿರಹತ್ತಿರ ಆರಡಿ ಎತ್ತರ ಬೆಳೆಯುತ್ತದೆ. "ನಮ್ಮ ಮಲೆನಾಡು ಗಿಡ್ಡ ಇದರ ಹೊಟ್ಟೆ ಕೆಳಗೆ ನುಸೀತದೆ" ಅಂದರು ಅಪ್ಪ. ಆ ಜೋಡಿ ಕಟ್ಟುತ್ತಿದ್ದ ಜಾಗದಲ್ಲೇ ನನ್ನ ಮಂಚ ಇರುವುದು.

"ಎತ್ತು ನಿಮ್ಮದೇನಾ?" ಅಂತ ಅಪ್ಪ ಕೇಳಿಸಿದರು. ಅಜ್ಜ ಅಂಗೈಯನ್ನು ಮೇಜಿನ ಮೇಲೆ ನೆಟ್ಟಗೆ ನಿಲ್ಲಿಸಿ, ಕತ್ತಿಯ ಹಾಗೆ ನಡುವೆ ಗೀರಿದರು. ಅರ್ಧ.

ಮನೆ, ನೆಲ ಎಲ್ಲ ಒಡೆಯನದು. ದುಡಿಮೆ ಇವರದು. ಗೋಧಿ, ಎಣ್ಣೆ, ದ್ರಾಕ್ಷಾರಸ, ಹುಟ್ಟಿದ ಕರು ಎಲ್ಲದರಲ್ಲೂ ಅರ್ಧ ಒಡೆಯನಿಗೆ. ಮೆಝದ್ರಿಯ ಅಂತ ಅದರ ಹೆಸರು, ಮೆಝೊ ಅಂದರೆ ಅರ್ಧ. ಕ್ರಿಸ್‌ಮಸ್‌ಗೆ ಕೋಳಿ, ಈಸ್ಟರ್‌ಗೆ ಮೊಟ್ಟೆ ಒಯ್ದು ಕೊಡಬೇಕು. ಮನೆಯಲ್ಲಿ ಮದುವೆ ಆಗಬೇಕಾದರೂ ಒಡೆಯನನ್ನು ಕೇಳಬೇಕು. ಅಜ್ಜ ಒಳಗೆ ಹೋಗಿ ಒಂದು ಪುಸ್ತಕ ತಂದರು. ರಟ್ಟಿನ ಹೊದಿಕೆಯ ಲೆಕ್ಕದ ಪುಸ್ತಕ. ಎಡಕ್ಕೊಂದು, ಬಲಕ್ಕೊಂದು ಕಲಂ. ನೀಲಿ ಶಾಯಿ, ಬರೆದಿದ್ದು ಒಡೆಯನ ಗುಮಾಸ್ತ. ಹಳೆಯ ಪುಟಗಳಲ್ಲಿ ಪ್ರತಿ ವರ್ಷದ ಕೊನೆಗೂ ಸಾಲವೇ ಉಳಿದಿದೆ.

ಅಪ್ಪ ಕನ್ನಡಕ ಹಾಕಿಕೊಂಡು ಆ ಪುಟಗಳನ್ನು ತುಂಬ ಹೊತ್ತು ನೋಡಿದರು. ಆಮೇಲೆ ಅವರು ಹೇಳಿದ್ದನ್ನು ನಾನು ಇಂಗ್ಲಿಷಿಗೆ, ಸೊಸೆ ಇಟಾಲಿಯನ್‌ಗೆ ದಾಟಿಸಿದೆವು. "ನಮಗೆ ಇಷ್ಟೂ ಇರಲಿಲ್ಲ. ಗೇಣಿ ಅಳೆದು ಕೊಟ್ಟರೆ ರಶೀದಿ ಕೊಡ್ತಿರಲಿಲ್ಲ. ಕೊಳಗದ ಅಳತೆಯೂ ಅವರದ್ದೇ." ನಮ್ಮಜ್ಜ 1951ರಲ್ಲಿ ಗೇಣಿದಾರರ ಕಾಗೋಡು ಸತ್ಯಾಗ್ರಹಕ್ಕೆ ಹೋದವರು. ಆಗ ಅಪ್ಪನಿಗೆ ಎರಡು ವರ್ಷ. ಇದನ್ನೆಲ್ಲ ಅಪ್ಪ ಮನೆಯಲ್ಲಿ ಹೀಗೆ ಕೂತು ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಇಟಲಿಯ ಒಂದು ಅಡುಗೆಮನೆಯಲ್ಲಿ, ಗೊತ್ತಿಲ್ಲದ ಜನರ ಎದುರು ಕೇಳಿದೆ. ಗಂಟಲು ಕಟ್ಟಿ ಅನುವಾದ ಎರಡು ಸಲ ನಿಂತುಹೋಯಿತು.

ಅಲ್ಲಿ 1964ರ ಕಾನೂನು ಹೊಸ ಅರೆಪಾಲು ಕರಾರು ಮಾಡದಂತೆ ತಡೆಯಿತು. ಇದ್ದ ಕರಾರುಗಳಲ್ಲಿ ದುಡಿಯುವವನ ಪಾಲನ್ನು ಶೇ 58ಕ್ಕೆ ಏರಿಸಿತು. ಅಷ್ಟರಲ್ಲಿ ಜನ ಗುಳೆ ಎದ್ದು ಕಾರ್ಖಾನೆಗಳ ಕಡೆ ಹೊರಟಾಗಿತ್ತು. ಕಣಿವೆಯ ಮನೆಗಳು ಒಂದೊಂದಾಗಿ ಖಾಲಿಯಾದವು, ಮಾಡು ಕುಸಿದವು. ಈ ಮನೆಯವರು ಉಳಿದರು. ಒಡೆಯ ಮಾರಲು ಹೊರಟಾಗ ಸರ್ಕಾರದ ಸಾಲ ಮಾಡಿ ಕೊಂಡರು, 40 ವರ್ಷದ ಕಂತು, ಶೇ 1ರ ಬಡ್ಡಿ. ಕಂತು ಕಟ್ಟಲು ಬೇಸಾಯವೊಂದೇ ಸಾಲದೆ ಕೊಟ್ಟಿಗೆಗೆ ಸುಣ್ಣ ಬಳಿದು ಅತಿಥಿಗಳನ್ನು ಇಟ್ಟುಕೊಳ್ಳಲು ಶುರು ಮಾಡಿದರಂತೆ.

ನಮ್ಮಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿಗೆ ಬಂದಿದ್ದು 1974ರ ಮಾರ್ಚ್ 1ಕ್ಕೆ. ಅಪ್ಪನಿಗೆ ಆಗ ಇಪ್ಪತ್ತೈದು. ನಮ್ಮಜ್ಜನಿಗೆ ಓದು ಬರಹ ಬಾರದು. ಗೇಣಿ ನೆಲದ ಹಕ್ಕು ಕೇಳುವ ಅರ್ಜಿ, ಫಾರಂ ನಂಬರ್ 7, ತುಂಬಿದ್ದು ಅಪ್ಪ.

ಉಳಿದ ದಿನ ಊರು ನೋಡಿದೆವು. ಪಿಯೆಂಜಾ ಪುಟ್ಟ ಊರು. ತಾನು ಹುಟ್ಟಿದ ಹಳ್ಳಿಯನ್ನು ಎರಡನೇ ಪಿಯುಸ್ ಪೋಪ್ 1459ರಿಂದ ಹೊಸದಾಗಿ ಕಟ್ಟಿಸಿ ತನ್ನ ಹೆಸರನ್ನೇ ಇಟ್ಟನಂತೆ. ಬೀದಿ ತುಂಬ ಪೆಕೊರಿನೊ ಅಂಗಡಿ, ಕುರಿಹಾಲಿನ ಗಿಣ್ಣದ ಘಮ. ಸಿಯೆನಾಗೂ ಹೋಗಿಬಂದೆವು. ಅಪ್ಪ ಎರಡೂ ಕಡೆ ಎರಡು ಗಂಟೆ ಕಳೆಯುತ್ತಲೇ "ಮನೆಗೆ ಹೋಗನಾ?" ಅಂದರು.

ಕೊನೆಯ ಸಂಜೆ ಗಾಣಕ್ಕೆ ಹೋದೆವು. ಕೊಯ್ದ ಕಾಯನ್ನು ಹೆಚ್ಚು ದಿನ ಇಡುವಂತಿಲ್ಲ, ಬಿಸಿಯಾಗಿ ಎಣ್ಣೆ ಕೆಡುತ್ತದೆ. ಕೊಳವೆಯಿಂದ ಬಂದ ಎಣ್ಣೆ ಹುಲ್ಲಿನ ಹಸಿರು, ಮಂಜು ಮಂಜು. ಸುಟ್ಟ ಬ್ರೆಡ್‌ಗೆ ಬೆಳ್ಳುಳ್ಳಿ ಉಜ್ಜಿ, ಮೇಲೆ ಅದನ್ನು ಸುರಿದು ಕೊಟ್ಟರು. ನುಂಗಿದ ಮೇಲೆ ಗಂಟಲಲ್ಲಿ ಕಾಳುಮೆಣಸಿನ ಖಾರ. ಅಪ್ಪ ಕೆಮ್ಮಿದರು. ಅಜ್ಜ ಬೆನ್ನು ತಟ್ಟಿದರು. ಕೆಮ್ಮು ಬಂದರೆ ಎಣ್ಣೆ ಒಳ್ಳೆಯದು ಅಂತ ಅರ್ಥ.

ಸಾಗರಕ್ಕೆ ಬಂದ ಮೂರನೇ ದಿನ ಅಪ್ಪ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆ ಇಳಿಸಿ, ಆ ಫಾರಂ ನಂಬರ್ 7ರ ನಕಲು ಹುಡುಕಿ ತೆಗೆದರು. ಮಡಿಕೆಯ ಕಡೆ ಹರಿದಿದೆ. "ಅವರು ತೋರಿಸಿದ್ರು. ನಾವೂ ತೋರಿಸನಾ" ಅಂದರು. ಫೋಟೊ ತೆಗೆದು ಸೊಸೆಗೆ ಕಳಿಸಿದೆ. ಸಂಜೆ ಉತ್ತರ ಬಂತು. ಅಜ್ಜ ಒಂದೇ ಮಾತು ಕೇಳಿದ್ದರು: ತೋಟದಲ್ಲಿ ಎಷ್ಟು ಮರ?

ಅಪ್ಪ ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ತಲೆ ಎತ್ತದೆ ಹೇಳಿದರು: "ಆರುನೂರ ನಲವತ್ತು. ಎರಡು ಮೊನ್ನೆ ಗಾಳಿಗೆ ಬಿದ್ವು. ಅದನ್ನೂ ಬರೆ."