ನೋಡುವವರಿದ್ದರೆ ಗಲಾಟೆ

ಸಂಜೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲೋ ಉಡುಪಿಯ ಮಲ್ಪೆ ಬೀಚಿನಲ್ಲೋ ಹುಡುಗರ ಎರಡು ಗುಂಪು ಎದುರುಬದುರಾದರೆ, ಗಲಾಟೆ ಅಲ್ಲಿ ಶುರುವಾದದ್ದಲ್ಲ. ಹಿಂದಿನ ರಾತ್ರಿ ಇನ್‌ಸ್ಟಾಗ್ರಾಂನಲ್ಲೇ ಆಗಿರುತ್ತದೆ. ಕಾರಣ ಕೇಳಿದರೆ ನಗು ಬರುತ್ತದೆ. ಗುರಾಯಿಸಿದನಂತೆ, ಅವಳಿಗೆ ಮೆಸೇಜ್ ಹಾಕಿದನಂತೆ. "ತಾಕತ್ತಿದ್ರೆ ಬಾ ಮಾರಾಯ" ಅಂದದ್ದರ ಸ್ಕ್ರೀನ್‌ಶಾಟ್ ಗ್ರೂಪಿಗೆ ಬಿತ್ತೋ, ಮುಗಿಯಿತು. ಇನ್ನು ಹೋಗದವನು ಗಂಡಸೇ ಅಲ್ಲ. ಎಷ್ಟೋ ಸಲ ಇಬ್ಬರಿಗೂ ಹೊಡೆಯುವ ಮನಸ್ಸಿರುವುದಿಲ್ಲ, ಮರ್ಯಾದೆ ಉಳಿಸಿಕೊಂಡು ಹಿಂದೆ ಸರಿಯಲು ದಾರಿ ಇರುವುದಿಲ್ಲ.

ಬಿಡಿಸಲು ಹೋದ ದೊಡ್ಡವರು ಎಲ್ಲರೆದುರು "ಸಾರಿ ಕೇಳು" ಅನ್ನುತ್ತಾರೆ. ಇದಕ್ಕಿಂತ ದೊಡ್ಡ ತಪ್ಪಿಲ್ಲ. ಮೊದಲು ಮೊಬೈಲ್ ಹಿಡಿದು ನಿಂತವರನ್ನು ಕಳಿಸಿ. ಹುಡುಗನನ್ನು ಹಿಂದಿನಿಂದ ಹಿಡಿಯಬೇಡಿ, ಎದುರಿನವನೆಂದುಕೊಂಡು ಮೊಣಕೈ ಬೀಸಿಯಾನು. ಬದಿಯಿಂದ ಬಂದು ಹೆಸರು ಹಿಡಿದು ಕರೆದು, "ಮನೆಯಿಂದ ಫೋನ್ ಬಂದಿದೆ, ಬಾ" ಅನ್ನಿ. ಸುಳ್ಳೆಂದು ಅವನಿಗೂ ಗೊತ್ತು, ಆದರೂ ಬರುತ್ತಾನೆ. ಚೂರಿ ಕಂಡರೆ ಮಾತ್ರ ನಡುವೆ ಹೋಗದೆ 112ಕ್ಕೆ ಫೋನ್ ಮಾಡಿ.

"ಒಂದು ಪೆಟ್ಟು ಕೊಟ್ಟದ್ದಷ್ಟೇ" ಅನ್ನುವುದು ಮೋಸದ ಮಾತು. ಕೆನ್ನೆಗೆ ಬಿದ್ದ ಪೆಟ್ಟಿಗಿಂತ, ಹಿಂದಕ್ಕೆ ಉರುಳಿದಾಗ ತಲೆಬುರುಡೆ ಇಂಟರ್‌ಲಾಕ್ ನೆಲಕ್ಕೆ ಬಡಿಯುವುದೇ ಅಪಾಯ. ಎದ್ದು, ಅಂಗಿ ಕೊಡವಿ, "ಎಂತದೂ ಆಗ್ಲಿಲ್ಲ" ಅಂತ ಬಸ್ಸು ಹತ್ತುತ್ತಾನೆ. ಒಳಗೆ ರಕ್ತ ಒಸರುತ್ತಿದ್ದರೆ ಕೆಲವು ಗಂಟೆ ಬಿಟ್ಟು ತಲೆನೋವು ಏರುತ್ತದೆ, ವಾಂತಿಯಾಗುತ್ತದೆ, ತೂಕಡಿಕೆ ಬರುತ್ತದೆ. ಮನೆಯವರು ಸುಸ್ತೆಂದು ಮಲಗಲು ಬಿಡುತ್ತಾರೆ. ಹಾಗೆ ಬಿಡದೆ ತಕ್ಷಣ ಸ್ಕ್ಯಾನ್ ಇರುವ ಆಸ್ಪತ್ರೆಗೆ ಕರೆದೊಯ್ಯಬೇಕು.

"ಹದಿನೆಂಟಾಗಿಲ್ಲ, ಎಂತ ಆಗುವುದಿಲ್ಲ" ಅಂತ ಹುರಿದುಂಬಿಸುವವನು ಹೆಚ್ಚಾಗಿ ಇಪ್ಪತ್ತು ದಾಟಿದ ಯಾವನೋ "ಅಣ್ಣ". ಹದಿನೆಂಟು ತುಂಬದವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು, ಅಲ್ಲಿವರೆಗೆ ಸರಿ. ಆದರೆ 16 ತುಂಬಿದವನ ಮೇಲೆ ಕೊಲೆಯಂಥ ಘೋರ ಅಪರಾಧದ ಆರೋಪ ಬಂದರೆ, 2015ರ ಬಾಲ ನ್ಯಾಯ ಕಾಯ್ದೆಯಂತೆ ಮಂಡಳಿ ಪರಿಶೀಲಿಸಿ ವಯಸ್ಕನಂತೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಐದು ಅಥವಾ ಹೆಚ್ಚು ಮಂದಿ ಹೊಡೆಯುವ ಒಂದೇ ಉದ್ದೇಶದಿಂದ ಸೇರಿದ್ದರೆ, ಕೈ ಎತ್ತದವನೂ ಸಿಕ್ಕಿಬೀಳುತ್ತಾನೆ.

ಇನ್ನು ಗಲಾಟೆಗೆ ಹತ್ತಿ ಬರುವ ಬೈಕ್. ಅಪ್ರಾಪ್ತ ಹುಡುಗ ಅದನ್ನು ಓಡಿಸಿ ಸಿಕ್ಕಿಬಿದ್ದರೆ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಂತೆ ಕೊಟ್ಟ ಅಪ್ಪನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಮಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಹುಡುಗರಿಗೆ ಉಳಿದ ಕಾನೂನಿಗಿಂತ ಈ ಲೈಸೆನ್ಸಿನ ಮಾತು ಬೇಗ ತಾಗುತ್ತದೆ.