ಯು4-04ರಲ್ಲಿ 97

ಹೋದ ಹಂಗಾಮಿನ ಜನವರಿ, ರಾತ್ರಿ ಎರಡೂವರೆ. ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬನ್ನು ಮಿಲ್ಲಿಗೆ ಒಯ್ಯುವ ಕೇನ್ ಕ್ಯಾರಿಯರ್ ನಿಂತಿತು. ಅದರ ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್ ಮೇಲೆ ಓಎಚ್1, ಅಂದರೆ ಬಿಸಿ ಹೊರಹಾಕುವ ಹೀಟ್‌ಸಿಂಕ್ ಕಾದು ಟ್ರಿಪ್. ಕೂಲಿಂಗ್ ಫ್ಯಾನನ್ನು ಬೆರಳಿನಿಂದ ತಿರುಗಿಸಿದರೆ ಅರ್ಧ ಸುತ್ತು ಬಂದು ಅಂಟಿಕೊಳ್ಳುತ್ತಿತ್ತು. ರೆಕ್ಕೆಗಳ ಮೇಲೆ ಬಗಾಸ್, ಅಂದರೆ ಹಿಂಡಿದ ಕಬ್ಬಿನ ಸಿಪ್ಪೆಯ ಧೂಳು ಜಿಡ್ಡಿನೊಂದಿಗೆ ಸೇರಿ ಕಂಬಳಿಯ ಹಾಗೆ ಕೂತಿತ್ತು. ಸ್ಟೋರಿನಲ್ಲಿ ಸ್ಪೇರ್ ಇಲ್ಲ. ಬೇರೆ ಡ್ರೈವಿನದನ್ನು ಬಿಚ್ಚಿ ಹಾಕುವಷ್ಟರಲ್ಲಿ ಮೂರು ತಾಸು ಹೋಯಿತು. ಯಾರ್ಡಿನ ಟ್ರ್ಯಾಕ್ಟರ್ ಸಾಲಿನಿಂದ ಚಾದರ ಹೊದ್ದ ಹಿರಿಯರೊಬ್ಬರು ಬಂದು, "ಸಾಹೇಬ್ರ, ಯಾವಾಗ ಚಾಲೂ ಆಕ್ಕೈತ್ರಿ? ಕಬ್ಬು ಕಡದು ಎರಡ ದಿನ ಆತು" ಅಂದರು. ಕಡಿದ ಕಬ್ಬು ಒಣಗಿದಷ್ಟೂ ತೂಕ ಹೋಗುತ್ತದೆ. ಅವರಿಗೆ ಏನು ಉತ್ತರ ಕೊಡಬೇಕೋ ತಿಳಿಯಲಿಲ್ಲ.

ಬೆಳಿಗ್ಗೆ ಕೀಪ್ಯಾಡಿನಲ್ಲಿ ಯು4-04 ತೆರೆದೆ. ಯಸ್ಕಾವಾ ಎ1000 ಡ್ರೈವಿನಲ್ಲಿ ಫ್ಯಾನಿನ ಆಯಸ್ಸು ಎಷ್ಟು ಸವೆದಿದೆ ಎಂದು ಶೇಕಡಾದಲ್ಲಿ ತೋರಿಸುವ ಮಾನಿಟರ್ ಅದು. 97 ಇತ್ತು. ಡ್ರೈವ್ ಲೆಕ್ಕ ಇಟ್ಟೇ ಇತ್ತು. ಬೀಗ ಹಾಕಿದ ಪ್ಯಾನಲ್ಲಿನೊಳಗಿನ ಆ ಲೆಕ್ಕವನ್ನು ಹೊರಗೆ ತರುವ ವೈರನ್ನು ನಾವೇ ಎಳೆದಿರಲಿಲ್ಲ.

ಹಂಗಾಮು ಮುಗಿದ ಮೇಲೆ ಅದಕ್ಕೇ ಕೂತೆ. ಡ್ರೈವಿನ ಪಿ1 ಟರ್ಮಿನಲ್ ಯಾವಾಗ ಸಿಗ್ನಲ್ ಕೊಡಬೇಕೆಂದು ಹೇಳುವ ಸೆಟ್ಟಿಂಗ್ ಎಚ್2-02ಕ್ಕೆ 2ಎಫ್ ಕೊಟ್ಟೆ. ಫ್ಯಾನ್ ಅಥವಾ ಡಿಸಿ ಬಸ್ ಕೆಪಾಸಿಟರ್ ಶೇ. 90 ತಲುಪಿದರೆ ಆ ಟರ್ಮಿನಲ್ಲಿನಿಂದ ಪಿಎಲ್‌ಸಿಗೆ, ಅಂದರೆ ಯಂತ್ರಗಳನ್ನು ನಿಯಂತ್ರಿಸುವ ಕಂಪ್ಯೂಟರಿಗೆ, ಸಿಗ್ನಲ್ ಹೋಗುತ್ತದೆ. ಇದು ಬರೀ ಎಚ್ಚರಿಕೆ, ಡ್ರೈವನ್ನು ನಿಲ್ಲಿಸುವುದಿಲ್ಲ. ಡ್ರೈವ್ ನಿಲ್ಲುವ ಹಾಗೇ ಮಾಡಿಬಿಡೋಣ ಎಂದು ಒಬ್ಬರು ಸಲಹೆ ಕೊಟ್ಟರು, ನಾನು ಒಪ್ಪಲಿಲ್ಲ. ನುರಿಯುವ ಹೊತ್ತಿನಲ್ಲಿ ಕ್ಯಾರಿಯರ್ ನಿಲ್ಲಬಾರದೆಂದೇ ಅಲ್ಲವೇ ಇಷ್ಟೆಲ್ಲ?

ಆದರೆ ನಮ್ಮ ಮಿಲ್ ಹೌಸಿಗೆ 90 ತೀರಾ ತಡ. ಈ ಲೆಕ್ಕ ಫ್ಯಾನ್ ಓಡಿದ ತಾಸುಗಳದ್ದು, ಧೂಳಿನದ್ದಲ್ಲ. ಹಾಗಾಗಿ ಮಾಡ್‌ಬಸ್ ಎಂಬ ಸಂವಹನ ಜಾಲದ ಮೂಲಕ ಯು4-04 ಮತ್ತು ಕೆಪಾಸಿಟರಿನ ಯು4-05 ಎರಡನ್ನೂ ಪಿಎಲ್‌ಸಿಗೆ ಓದಿಸಿ, 60 ದಾಟಿದೊಡನೆ ಕಂಟ್ರೋಲ್ ರೂಮಿನ ಸ್ಕ್ರೀನಿನಲ್ಲಿ ಹಳದಿ ಸಾಲು ಬರುವಂತೆ ಮಾಡಿದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಸುಮಾರು 10 ಡಿಗ್ರಿ ಹೆಚ್ಚು ಕಾದರೆ ಆಯಸ್ಸು ಅರ್ಧಕ್ಕೆ ಇಳಿಯುತ್ತದೆ. ಪ್ಯಾನಲ್ ಫಿಲ್ಟರನ್ನು ವಾರಕ್ಕೊಮ್ಮೆ ಊದಿಸಲೇಬೇಕು ಎಂದು ನಾನು ಹಟ ಹಿಡಿದಿರುವುದು ಇದಕ್ಕೇ.

ಫ್ಯಾನ್ ಬದಲಿಸಿದ ಮೇಲೆ ಅದು ಓಡಿದ ತಾಸುಗಳ ಲೆಕ್ಕವಾದ ಓ4-03ನ್ನು ಸೊನ್ನೆ ಮಾಡುವುದನ್ನು ಮರೆಯಬೇಡಿ. ಮರೆತರೆ ಹೊಸ ಫ್ಯಾನಿಗೂ ಹಳೆಯದರ ವಯಸ್ಸೇ ಅಂಟಿಕೊಳ್ಳುತ್ತದೆ, ಸುಳ್ಳು ಅಲಾರಂ ನೋಡಿ ನೋಡಿ ಆಪರೇಟರುಗಳು ನಿಜವಾದದ್ದನ್ನೂ ನಂಬುವುದಿಲ್ಲ. ಬಾಗಿಲ ಒಳಮೈಗೆ ಇದನ್ನು ಕನ್ನಡದಲ್ಲೇ ಬರೆದು ಅಂಟಿಸಿದ್ದೇನೆ.

ಈ ಹಂಗಾಮಿನಲ್ಲಿ ಎರಡನೇ ಕ್ಯಾರಿಯರಿನ ಸಾಲು ಹಳದಿಯಾಯಿತು. ರಾತ್ರಿ ಪಾಳಿಯ ಹುಡುಗ ರಿಜಿಸ್ಟರಿನಲ್ಲಿ ಬರೆದಿಟ್ಟಿದ್ದ. ಮರುದಿನ ಮಿಲ್ ಕ್ಲೀನಿಂಗಿಗೆ ನಿಂತಾಗ ಫ್ಯಾನ್ ಬದಲಿಸಿದೆವು, ಇಪ್ಪತ್ತೈದು ನಿಮಿಷ. ತೆಗೆದ ಫ್ಯಾನಿನ ಬೇರಿಂಗ್ ಆಗಲೇ ಗರಗರ ಅನ್ನುತ್ತಿತ್ತು.